ನಾಲ್ಕನೆಯ ನಿಮಿಷ

ಪೆಟ್ಟಿಗೆ ಬಂದದ್ದು ಮಾರ್ಚಿನಲ್ಲಿ, ನುಕುಸ್‌ನಿಂದ, ಲಾರಿಯಲ್ಲಿ.
ಒಂದು ಪ್ರೊಜೆಕ್ಟರು, ಬಿಳಿ ಪರದೆ,
ಹದಿನಾರು ವಿಡಿಯೊ, ಜೊತೆಗೊಂದು ರಸೀದಿ ಪುಸ್ತಕ.
ಸಹಿ ಹಾಕಿದೆ. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು.
ಗೋಡೆಯ ಹಳೇ ನಕಾಶೆಯನ್ನು ಅವತ್ತೇ ಇಳಿಸಿ
ಸುರುಳಿ ಸುತ್ತಿ ಕಪಾಟಿನ ಹಿಂದೆ ನಿಲ್ಲಿಸಿದೆ.
ಅದರಲ್ಲಿ ನಮ್ಮೂರು ಮೊಯ್ನಾಕ್ ಇನ್ನೂ ದಡದಲ್ಲಿತ್ತು,
ಅರಾಲ್ ಸಮುದ್ರ ಇನ್ನೂ ನೀಲಿ.
ಬೆರಳಾಡಿ ಆಡಿ, ಬಂದರಿನ ಹತ್ತಿರ ಮಾತ್ರ
ನೀಲಿ ಸವೆದು ಬಟ್ಟೆಯ ನೂಲು ಕಾಣುತ್ತಿತ್ತು.

ಏಳನೇ ತರಗತಿ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು.
ವಿಡಿಯೊ ಮೂರು, ಒಂಬತ್ತು ನಿಮಿಷದ್ದು.
ನಾನು ಮೊದಲೇ ನೋಡಿರಲಿಲ್ಲ.
ಹಿಂದಿನ ರಾತ್ರಿ ಕರೆಂಟಿರಲಿಲ್ಲ ಅನ್ನಬಹುದು.
ಇತ್ತು. ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದೆ.

ಒಂದನೇ ನಿಮಿಷ, ಉಪಗ್ರಹದ ಕಣ್ಣು.
ಎರಡು, ಮರಳಲ್ಲಿ ತುಕ್ಕು ಹಿಡಿದ ಹಡಗು.
ಮಕ್ಕಳು ನಕ್ಕರು, ದಿನಾ ಅದನ್ನು ಹತ್ತಿ ಜಾರುವವರು.
ಮೂರು, ಪಿಟೀಲು.
ನಾಲ್ಕನೆಯ ನಿಮಿಷದಲ್ಲಿ ಪರದೆಯಷ್ಟಗಲ ಒಂದು ಮುಖ
ಕೆಮ್ಮುತ್ತಿತ್ತು.
ಕೆಳಗೆ ಅಕ್ಷರ: ಸಂತ್ರಸ್ತೆ. ಹೆಸರಿಲ್ಲ.

ಹೆಸರಿತ್ತು. ಬೀಬಿಯಯಿಮ್.
ಮೂರನೇ ಬೆಂಚಿನ ಪೆರ್ದೆಬಾಯ್ ಅವಳ ಮೊಮ್ಮಗ.
ಹಿಂದಿನಿಂದ ಯಾರೋ ಕೆಮ್ಮಿದರು, ಥೇಟು ಅವಳ ಹಾಗೆ.
ಇನ್ನೊಬ್ಬರು ಕೆಮ್ಮಿದರು.
ನಾನು ಕತ್ತಲಲ್ಲಿ ಗುಂಡಿ ತಡಕುತ್ತಿದ್ದೆ,
ನಿಲ್ಲಿಸುವ ಗುಂಡಿ ಯಾವುದೆಂದೂ ಕಲಿತಿರಲಿಲ್ಲ.
ಅಷ್ಟರಲ್ಲಿ ಬಾಗಿಲು ತೆರೆದು
ಒಂದು ಪಟ್ಟಿ ಬೆಳಕನ್ನು ಹಿಂದೆ ಬಿಟ್ಟು
ಅವನು ಹೋಗಿಯಾಗಿತ್ತು.

ಸಂಜೆ ಅವರ ಮನೆಗೆ ಹೋದೆ.
ಕಟ್ಟಿಕೊಂಡು ಹೋದ ಮಾತೆಲ್ಲ ಹೊಸ್ತಿಲಲ್ಲೇ ಬಿಚ್ಚಿಹೋಯಿತು.
ಬೀಬಿಯಯಿಮ್ ಚಹಾ ಸುರಿದಳು, ಬಟ್ಟಲಿಗೆ ಅರ್ಧ ಮಾತ್ರ,
ಬಂದವರು ಬೇಗ ಏಳದಿರಲೆಂದು.
'ತೋರಿಸು' ಅಂದಳು.
ಫೋನಿನಲ್ಲಿ, ಕನ್ನಡಕ ಹಾಕಿ, ಎರಡು ಸಲ ನೋಡಿದಳು.

'ಇದೇನು, ಬರೀ ಕೆಮ್ಮು!
ಎರಡು ದಿನ ಮಾತಾಡಿದ್ದೆ ಆ ಹುಡುಗರ ಹತ್ತಿರ.
ಯಾವ ಗಾಳಿಗೆ ಸಜಾನ್ ಮೀನು ದಡಕ್ಕೆ ಬರುತ್ತಿತ್ತು ಅಂತ,
ಡಬ್ಬಿ ಕಾರ್ಖಾನೆಯಲ್ಲಿ ನಮ್ಮ ಪಾಳಿಯ ಮೇಸ್ತ್ರಿಯನ್ನು
ಉಪ್ಪಿನ ತೊಟ್ಟಿಗೆ ಕೆಡವಿದ್ದು ಯಾರು ಅಂತ.
ಕ್ಯಾಮೆರಾದವನು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟ.
ಅದೆಲ್ಲ ಎಲ್ಲಿ?'

ಮೀನು ಹಸನು ಮಾಡುವವರು ಮುಳ್ಳು ಎಸೆಯುತ್ತಾರೆ.
ಇವರು ಮುಳ್ಳನ್ನಷ್ಟೇ ಇಟ್ಟುಕೊಂಡಿದ್ದರು,
ಮೇಲೊಂದಿಷ್ಟು ಪಿಟೀಲು ಸುರಿದು.

'ಶಾಲೆಯಲ್ಲಿ ತೋರಿಸುತ್ತೇವೆ ಅಂತ ನಿನ್ನನ್ನು ಕೇಳಿದ್ದರಾ?'
'ಯಾವುದೋ ಕಾಗದಕ್ಕೆ ಸಹಿ ಹಾಕಿಸಿದರು. ಸಕ್ಕರೆ ಕೊಟ್ಟರು.
ನೀನು ಕೇಳಿದೆಯಾ?'
ನನ್ನ ಬಟ್ಟಲು ಬರಿದಾಗಿತ್ತು. ಮತ್ತೆ ಅರ್ಧ ಸುರಿದಳು.

ಈಗ ರಾತ್ರಿ ಒಂದೊಂದನ್ನೂ ಎರಡು ಸಲ ನೋಡುತ್ತೇನೆ,
ಒಮ್ಮೆ ಸದ್ದು ಅಡಗಿಸಿ, ಒಮ್ಮೆ ಕಣ್ಣು ಮುಚ್ಚಿ,
ಬೆಂಚು ಬೆಂಚನ್ನೂ ಮನಸ್ಸಿನಲ್ಲಿ ಕೂರಿಸಿಕೊಂಡು.
ಏಳನೆಯದು ಬೇಡ, ಅದರಲ್ಲೊಂದು ಆಸ್ಪತ್ರೆಯಿದೆ,
ಜುಮಗುಲ್ ಈ ಚಳಿಗಾಲ ಅಲ್ಲಿಂದ ಒಬ್ಬಳೇ ವಾಪಸಾದಳು.
ಆರನೆಯದು, ಮೋಡ ಕಟ್ಟುವುದು ಹೇಗೆಂದು, ಚೆನ್ನಾಗಿದೆ.
ಮೂರು ಸಲ ಹಾಕಿಸಿಕೊಂಡರು.
ಪ್ರೊಜೆಕ್ಟರಿನ ಮೇಲೆ ನನಗೇನೂ ಸಿಟ್ಟಿಲ್ಲ.

ನಕಾಶೆ ಮತ್ತೆ ಗೋಡೆಗೆ ಬಂದಿದೆ.
'ತಪ್ಪು ನಕಾಶೆ, ತೆಗೆಯಿರಿ' ಅಂದರು ಇನ್‌ಸ್ಪೆಕ್ಟರು.
ಮೂಲೆಯಲ್ಲಿ ಇರುವೆಯಷ್ಟು ಅಕ್ಷರದ ಇಸವಿ ತೋರಿಸಿದೆ, 1960.
'ಅವತ್ತಿಗೆ ಸರಿ ಇತ್ತು, ಸಾರ್.'
ಇವತ್ತಿನ ದಡವನ್ನು ಮಕ್ಕಳು ಬಿಳಿ ದಾರದಲ್ಲಿ ಹಾಕಿದ್ದಾರೆ.
ವರ್ಷ ವರ್ಷ ಪಿನ್ನು ಕೀಳಬೇಕು.

ಪೆರ್ದೆಬಾಯ್ ಹನ್ನೊಂದನೇ ದಿನ ಬಂದ.
ಮುಖ ನೋಡಲಿಲ್ಲ. ಮೇಜಿನ ಮೇಲೆ
ಬಲೆ ಹೆಣೆಯುವ ಮರದ ಸೂಜಿ ಇಟ್ಟ,
ಅಜ್ಜಿಯ ಅಂಗೈ ಜಿಡ್ಡು ಕುಡಿದು ಕಪ್ಪಾದದ್ದು.
'ಕೊಟ್ಟದ್ದಲ್ಲ, ಗುರುವಾರದ ತನಕ ಎರವಲು.
ಮುಟ್ಟುವವರು ಮೊದಲು ಅವಳ ಹೆಸರು ಹೇಳಬೇಕಂತೆ.'

ಹೇಳಿದರು. ಕೆಮ್ಮಿದವನೂ, ಕೊನೆಗೆ, ತಡವರಿಸಿ.
ರಸೀದಿ ಪುಸ್ತಕದಲ್ಲಿ ವಿಡಿಯೊ ಹದಿನಾರರ ಕೆಳಗೆ ಬರೆದೆ:
ಸೂಜಿ, ಒಂದು. ಒಡತಿ, ಬೀಬಿಯಯಿಮ್.
ಗುರುವಾರ ಹಿಂತಿರುಗಿಸತಕ್ಕದ್ದು.

ಪಕ್ಕದ ಊರಿನ ಶಾಲೆಗೂ ಇದೇ ಪೆಟ್ಟಿಗೆ ಹೋಗಿದೆ.
ಬೆಳಗಿನಿಂದ ಫೋನು ಮಾಡುತ್ತಿದ್ದೇನೆ,
ಯಾರೂ ಎತ್ತುತ್ತಿಲ್ಲ.